ಘಾಟಿ ರಸ್ತೆಯ ಸುಟ್ಟ ವಾಸನೆ

ನಮ್ಮ ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ಹೊರಗಿನಿಂದ ಬರುವವರೂ ಹೊರಗೆ ಹೋಗುವವರೂ ರಸ್ತೆಯನ್ನೇ ನಂಬಬೇಕು. ಸುಳ್ಯಕ್ಕೆ ಹೋಗಲು ಸಂಪಾಜೆ ಘಾಟಿ, ಕಣ್ಣೂರಿಗೆ ಹೋಗಲು ಮಾಕುಟ್ಟದ ಘಾಟಿ. ಮಡಿಕೇರಿಯಿಂದ ನಮ್ಮ ಚೆಟ್ಟಳ್ಳಿಗೆ ಬರುವ ದಾರಿಯೂ ಕಾಫಿ ತೋಟಗಳ ನಡುವೆ ತಿರುವುಗಳನ್ನು ದಾಟಿ ಇಳಿಯುವಂಥದೇ. ಬಯಲುಸೀಮೆಯ ನಗರಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಕಾರು ತೆಗೆದುಕೊಂಡು ಊರಿಗೆ ಬಂದಾಗ, ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂತೆಂದು ಗಾಬರಿಯಾಗುವುದುಂಟು. ಆ ವಾಸನೆಗೂ ಒಂದು ಚರಿತ್ರೆಯಿದೆ. ಅದನ್ನು ತಿಳಿದರೆ ಕಾರಣವನ್ನು ಹುಡುಕುವುದು ಸುಲಭವಾಗುತ್ತದೆ.

1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆ ತನ್ನ ಇಬ್ಬರು ಗಂಡುಮಕ್ಕಳೊಡನೆ, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಪ್ರಯಾಣ ಮಾಡಿದಳು. ದೂರ ಸುಮಾರು 100 ಕಿಲೋಮೀಟರ್. ಗುಡ್ಡಗಳನ್ನು ಇಳಿಯುವಾಗ ಬ್ರೇಕಿನ ಮರದ ತುಂಡುಗಳು ಸವೆದುಹೋದವು. ಆಕೆ ದಾರಿಯ ಊರೊಂದರ ಚಮ್ಮಾರನಿಂದ ಅವುಗಳಿಗೆ ಚರ್ಮ ಹೊಡೆಸಿಕೊಂಡು ಮುಂದೆ ಸಾಗಿದಳು. ಬ್ರೇಕ್ ಲೈನಿಂಗಿನ ಕಥೆಯನ್ನು ಇಲ್ಲಿಂದಲೇ ಆರಂಭಿಸುವುದು ವಾಡಿಕೆ.

ಎರಡನೆಯ ಅಧ್ಯಾಯ ಇಂಗ್ಲೆಂಡಿನ ಡರ್ಬಿಷೈರ್ ಎಂಬ ಗುಡ್ಡಗಾಡು ಪ್ರಾಂತದ್ದು. ಅಲ್ಲಿನ ಕುದುರೆಗಾಡಿಯವರು ಇಳಿಜಾರಿನಲ್ಲಿ ಚಕ್ರವನ್ನು ತಡೆಯಲು ಹಳೆಯ ಬೂಟುಗಳ ಚರ್ಮವನ್ನು ಬಳಸುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಎಂಬಾತ ಗಮನಿಸಿದ. ಚರ್ಮ ಬೇಗ ಸವೆಯುತ್ತಿತ್ತು, ಕಾದರೆ ಸುಡುತ್ತಿತ್ತು. 1897ರಲ್ಲಿ ಆತ ಇದಕ್ಕಿಂತ ಉತ್ತಮವಾದ ಘರ್ಷಣೆಯ ವಸ್ತುವನ್ನು ತಯಾರಿಸಲು ತೊಡಗಿದ. ಮುಂದೆ ಫೆರೋಡೋ ಎಂದು ಹೆಸರಾದ ಸಂಸ್ಥೆ ಅದು. ಮೊದಲು ಹತ್ತಿಯ ನೂಲಿಗೆ ರಾಳ ಸೇರಿಸಿ ಮಾಡುತ್ತಿದ್ದ ಲೈನಿಂಗ್ ಹೆಚ್ಚು ಶಾಖವನ್ನು ತಾಳಲಿಲ್ಲ. 1908ರ ವೇಳೆಗೆ ಹತ್ತಿಯ ಸ್ಥಾನಕ್ಕೆ ಕಲ್ನಾರು ಬಂತು. ಸುಡದ ನೂಲು ದೊರೆಯಿತೆಂದು ಜಗತ್ತೆಲ್ಲ ಸಂತೋಷಪಟ್ಟಿತು. ಆದರೆ ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆಂಬುದು ಬಹಳ ಕಾಲದ ನಂತರ ಸ್ಥಿರಪಟ್ಟಿತು. ಬ್ರಿಟನ್ ಅದರ ಬಳಕೆಯನ್ನು 1999ರಲ್ಲಿ ಪೂರ್ಣವಾಗಿ ನಿಷೇಧಿಸಿತು. ಬ್ರೇಕನ್ನು ಬಿಚ್ಚಿ ಧೂಳನ್ನು ಊದಿ ತೆಗೆಯುತ್ತಿದ್ದ ಗ್ಯಾರೇಜಿನ ಹುಡುಗರ ಉಸಿರಿಗೆ ಎಷ್ಟು ಸೇರಿತೋ!

ಇನ್ನು ಸ್ವಲ್ಪ ಪಾಠ. 1,000 ಕಿಲೋ ತೂಕದ ಕಾರು 300 ಮೀಟರ್ ಎತ್ತರದಿಂದ ಇಳಿಯುವಾಗ ಸುಮಾರು 29 ಲಕ್ಷ ಜೂಲ್ ಶಕ್ತಿ ಎಲ್ಲಿಯಾದರೂ ಹೋಗಲೇಬೇಕು. ಒಂಬತ್ತು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಾಖ ಸಾಕು. ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಅದರ ಬಹುಪಾಲು ನಾಲ್ಕು ಚಕ್ರಗಳೊಳಗೆ ಸೇರುತ್ತದೆ. ಹಳೆಯ ಅಂಬಾಸಿಡರ್ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಒಳಗಿನ ಶಾಖ ಬೇಗ ಹೊರಬರುತ್ತಿರಲಿಲ್ಲ. ಗಾಳಿಗೆ ತೆರೆದುಕೊಂಡಿರುವ ಡಿಸ್ಕ್ ಬ್ರೇಕು ಬಂದ ಮೇಲೆ ತೊಂದರೆ ಕಡಿಮೆಯಾಯಿತು, ಇಲ್ಲವಾಗಲಿಲ್ಲ. ಅತಿಯಾಗಿ ಕಾದರೆ ಬ್ರೇಕಿನ ಹಿಡಿತ ಕುಗ್ಗುತ್ತದೆ. ಬ್ರೇಕ್ ಆಯಿಲ್ ಕುದಿದರೆ ಪೆಡಲು ಮೆತ್ತಗಾಗಿ ಒಳಗಿಳಿದುಬಿಡುತ್ತದೆ. ಸುಟ್ಟ ವಾಸನೆ ಇವೆಲ್ಲಕ್ಕೂ ಮುಂಚೆ ಬರುವ ಎಚ್ಚರಿಕೆ.

ಕಳೆದ ಮಳೆಗಾಲ ಮುಗಿದ ಮೇಲೆ ನನ್ನ ಸೋದರಳಿಯ ಮಡಿಕೇರಿಯಿಂದ ನಮ್ಮ ಮನೆಗೆ ಬಂದಿದ್ದ. ಕಾರು ನಿಂತೊಡನೆ ಕಟು ವಾಸನೆ. "ಮಾವ, ಎರಡನೇ ಗೇರಿನಲ್ಲೇ ಇಳಿಸಿದೆ, ಬ್ರೇಕು ಒತ್ತಿದ್ದೇ ಕಡಿಮೆ" ಎಂದ. ಪರಿಚಯದ ಮೆಕ್ಯಾನಿಕ್ಕನ್ನು ಕರೆಸಿದೆವು. ಆತ ಬಾನೆಟ್ಟನ್ನು ಮುಟ್ಟಲೇ ಇಲ್ಲ. ಒಂದೊಂದು ಚಕ್ರದ ಬಳಿಯೂ, ಮುಟ್ಟದಂತೆ, ಅಂಗೈ ಹಿಡಿದು ನೋಡಿದ. "ಮೇಷ್ಟ್ರೇ, ಮೂರು ಬೆಚ್ಚಗಿವೆ. ಮುಂದಿನ ಎಡಗಡೆಯದು ಕೆಂಡ" ಎಂದ. ಚಾಲಕನ ಅಭ್ಯಾಸದಿಂದ ಬಂದ ವಾಸನೆಯಾಗಿದ್ದರೆ ಮುಂದಿನ ಎರಡೂ ಚಕ್ರಗಳು ಒಂದೇ ರೀತಿ ಕಾಯಬೇಕಿತ್ತು. ಆರಿದ ಮೇಲೆ ಜಾಕಿ ಕೊಟ್ಟು ತಿರುಗಿಸಿದರೆ ಆ ಚಕ್ರ ಸರಾಗವಾಗಿ ತಿರುಗಲಿಲ್ಲ. ಮಳೆಗಾಲವಿಡೀ ನಿಂತಿದ್ದ ಕಾರು. ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು, ಪೆಡಲು ಬಿಟ್ಟರೂ ಬ್ರೇಕು ಡಿಸ್ಕನ್ನು ಬಿಡುತ್ತಿರಲಿಲ್ಲ. ತುಕ್ಕು ತೆಗೆದು, ಗ್ರೀಸು ಹಚ್ಚಿ, ಹರಿದ ರಬ್ಬರ್ ಕವಚವನ್ನೂ ಮುಂದಿನ ಎರಡೂ ಚಕ್ರಗಳ ಪ್ಯಾಡುಗಳನ್ನೂ ಬದಲಾಯಿಸಿದ. ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿದ್ದನ್ನು ಕಂಡು ನನಗೆ ಸಮಾಧಾನವಾಯಿತು.

ಎಲ್ಲ ಸುಟ್ಟ ವಾಸನೆಯೂ ಬ್ರೇಕಿನದಲ್ಲ. ಏರಿನಲ್ಲಿ ಬಂದರೆ ಕ್ಲಚ್ಚನ್ನು ಶಂಕಿಸಬೇಕು. ಅರ್ಧ ಒತ್ತಿ ಹಿಡಿದರೆ ಅದು ಸುಡುತ್ತದೆ. ಎಣ್ಣೆ ಕಾದ ವಾಸನೆಯಾದರೆ ಎಂಜಿನ್ ಆಯಿಲ್ ಸೋರಿ ಬಿಸಿ ಕೊಳವೆಯ ಮೇಲೆ ಬೀಳುತ್ತಿರಬಹುದು. ಸಿಹಿ ವಾಸನೆಯಾದರೆ ಕೂಲೆಂಟ್ ಸೋರಿಕೆ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಕೂಡದು. ಪ್ಲಾಸ್ಟಿಕ್ ಸುಟ್ಟಂತಿದ್ದರೆ ವಯರಿಂಗಿನ ದೋಷ. ತೋಟದ ಮನೆಗಳಲ್ಲಿ ಇಲಿ ಕಡಿದ ವಯರೂ ಕಾರಣವಾಗಬಹುದು. ಒಡನೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಇಳಿದು ದೂರ ಹೋಗಬೇಕು. ಸುಟ್ಟ ಫ್ಯೂಸಿನ ಜಾಗಕ್ಕೆ ಹೆಚ್ಚು ಆಂಪಿಯರಿನದನ್ನು ಎಂದಿಗೂ ಹಾಕಬಾರದು. 1995ರಿಂದ ನಮ್ಮ ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ, ಆಮೇಲೆ ಎಲ್ಲೆಡೆಯೂ, ಹೊಗೆ ಶುದ್ಧಿಗಾಗಿ ಬಂದ ಕೆಟಲಿಟಿಕ್ ಕನ್ವರ್ಟರ್ ವಿಪರೀತ ಬಿಸಿಯಾಗುತ್ತದೆ. ಬೇಸಗೆಯಲ್ಲಿ ತೋಟದ ಒಣಗಿದ ತರಗೆಲೆಯ ಮೇಲೆ ಕಾರು ನಿಲ್ಲಿಸುವವರು ಇದನ್ನು ನೆನಪಿಡಬೇಕು.

ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಿಂದಿನ ಚಾಲಕರ ಮಾತು. ಮೇಲಿನ ಲೆಕ್ಕವನ್ನು ಮಾಡಿ ನೋಡಿದವರಿಗೆ ಅದರ ಅರ್ಥ ತಿಳಿದೀತು. ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಕಾದ ಚಕ್ರಕ್ಕೆ ನೀರು ಸುರಿಯಬೇಡಿ. ಡಿಸ್ಕ್ ಸೊಟ್ಟಗಾದೀತು, ಬಿರಿದೀತು. ಊಟಕ್ಕೆ ತಡವಾದರೆ ನಾವು ಕಾಯುತ್ತೇವೆ.