ಕೆದರಿದ ಕೂದಲಿನ ಕಲೆ

ಮುಕ್ತೀಶ್ವರನ ಗುಡಿಗೂ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೂ ಹೆಸರಾದ ನಮ್ಮ ಮುರುಗಮಲ್ಲದ ತರುಣರೂ ಈಗ ಕೂದಲನ್ನು ಕೆದರಿಸಿಕೊಳ್ಳುವುದಕ್ಕೇ ಕ್ಷೌರಿಕನಿಗೆ ಹಣ ತೆರುತ್ತಾರೆ. ಇದು ಪರದೇಶದ ಹುಚ್ಚೆಂಬ ಮಾತನ್ನು ನಾನು ಒಪ್ಪಲಾರೆ. ಬಾದಾಮಿಯ 4ನೆಯ ಗುಹೆಯ ಬಾಹುಬಲಿಯನ್ನು ನೋಡಿ. ವರ್ಷವಿಡೀ ನಿಂತು ತಪಗೈದವನ ಆರೈಕೆಯಿಲ್ಲದ ಕೂದಲು ಎಳೆಯೆಳೆಯಾಗಿ ಹೆಗಲಿಗಿಳಿದಿದೆ. 10ನೆಯ ಶತಮಾನದ ಶ್ರವಣಬೆಳಗೊಳದ ಗೊಮ್ಮಟನಿಗಾದರೋ ಒಪ್ಪವಾದ ಗುಂಗುರು ಸುರುಳಿಗಳು. ವಿರಾಗಿಯ ಅಲಕ್ಷ್ಯವನ್ನು ಕಲ್ಲಿನಲ್ಲಿ ತೋರಿಸಲು ಬಾದಾಮಿಯ ಶಿಲ್ಪಿ ಎಷ್ಟು ಲಕ್ಷ್ಯವಿಟ್ಟು ಉಳಿ ಹಿಡಿದಿರಬೇಕು! ಕ್ಷೌರಿಕನೂ ಹಾಗೆಯೇ: ಎಳೆಗಳನ್ನು ಏರುಪೇರಾಗಿ ಕತ್ತರಿಸಿ, ತುಸು ಜೆಲ್ ಸವರಿ, ಕೊನೆಗೆ ತನ್ನ ಕೈಗುರುತನ್ನೇ ಮರೆಮಾಡುತ್ತಾನೆ. ಬೆಳಗಿನ ಹೊತ್ತು ಅವನ ಮುಖ ಕಂಡರೆ ಅಪಶಕುನವೆಂದ ಸಮಾಜ ನಮ್ಮದು. ಶಿಲ್ಪಿಯನ್ನು ಕಲಾವಿದನೆಂದು ಕೊಂಡಾಡುವ ನಾವು ಕತ್ತರಿ ಹಿಡಿದ ಕೈಗೂ ಆ ಗೌರವವನ್ನು ಸಲ್ಲಿಸಬೇಕಾಗಿದೆ.