ವಿದ್ಯಾರ್ಥಿವೇತನದ ಋಣ

ಕೃಷ್ಣೆಯ ಬಯಲಿನ ಸಾಂಗಲಿ-ಮಿರಜಗಳಲ್ಲಿ ಬಾಳುವ ನಮಗೆ ಕಬ್ಬನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಕೊ 86032 ಮೊದಲಾದ ತಳಿಗಳ ಹೆಸರಿನಲ್ಲಿರುವ ‘ಕೊ’ ಎಂಬ ಅಕ್ಷರವು ಕೊಯಮತ್ತೂರನ್ನು ಸೂಚಿಸುತ್ತದೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? 1912ರಲ್ಲಿ ಅಲ್ಲಿ ಸ್ಥಾಪಿತವಾದ ತಳಿಸಂವರ್ಧನ ಕೇಂದ್ರವು ಸಿಹಿಗಬ್ಬನ್ನು ಕಾಶವೆಂಬ ಕಾಡುಹುಲ್ಲಿನೊಡನೆ ಸಂಕರಗೊಳಿಸಿ, ದೇಶದ ಸಕ್ಕರೆಯ ಉದ್ಯಮಕ್ಕೆ ಹೊಸ ಚೈತನ್ಯವನ್ನಿತ್ತಿತು. ಅಲ್ಲಿ 1934ರಿಂದ 1939ರ ವರೆಗೆ ದುಡಿದವರಲ್ಲಿ ಡಾ. ಇ. ಕೆ. ಜಾನಕಿ ಅಮ್ಮಾಳ್ ಅವರೂ ಒಬ್ಬರು. 2018ರಲ್ಲಿ ಇಂಗ್ಲೆಂಡಿನ ಜಾನ್ ಇನ್ನೆಸ್ ಕೇಂದ್ರವು ಅಭಿವೃದ್ಧಿಶೀಲ ದೇಶಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಇವರ ಹೆಸರಿನಲ್ಲಿ ವಿದ್ಯಾರ್ಥಿವೇತನವನ್ನು ಪ್ರಕಟಿಸಿತು. ಈ ಗೌರವವು ಎಷ್ಟು ಉಚಿತವಾದುದೆಂಬುದನ್ನು ಅವರ ಚರಿತ್ರೆಯೇ ಹೇಳುತ್ತದೆ.

ಜಾನಕಿಯವರು 1897ರಲ್ಲಿ ತಲಚೇರಿಯಲ್ಲಿ ಜನಿಸಿದರು. ಮದರಾಸಿನ ಕ್ವೀನ್ ಮೇರಿ ಹಾಗೂ ಪ್ರೆಸಿಡೆನ್ಸಿ ಕಾಲೇಜುಗಳಲ್ಲಿ ಕಲಿತು, ಅಲ್ಲಿಯ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅಧ್ಯಾಪಿಕೆಯಾದರು. ಅಮೆರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಏಷ್ಯದ ಮಹಿಳೆಯರಿಗೆಂದು ಲೆವಿ ಬಾರ್ಬರ್ ಎಂಬವರು ಇಟ್ಟ ವಿದ್ಯಾರ್ಥಿವೇತನವು ಅವರಿಗೆ ದೊರೆಯಿತು. ಅದರ ಬಲದಿಂದ ಅವರು ಕಡಲು ದಾಟಿದರು. 1931ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಮರಳಿ ಬಂದು ತಿರುವನಂತಪುರದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಿಕೆಯಾದರು. ಅನಂತರವೇ ಕೊಯಮತ್ತೂರಿನ ಕಬ್ಬಿನ ಕಾರ್ಯ.

ಅಲ್ಲಿ ಅವರು ಕಬ್ಬನ್ನು ಮೆಕ್ಕೆಜೋಳವೇ ಮೊದಲಾದ ಹುಲ್ಲುಜಾತಿಗಳೊಡನೆ ಸಂಕರಗೊಳಿಸಿ, ಸಂತತಿಯ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ನೋಡಿದರು. ಯಾವ ಸಸ್ಯವು ಯಾವುದರ ಬಂಧುವೆಂಬುದನ್ನು ಹೊರರೂಪಕ್ಕಿಂತಲೂ ಆಳಕ್ಕಿಳಿದು ತಿಳಿಯುವ ಮಾರ್ಗವಿದು. ಆದರೆ ಹುಲ್ಲಿನ ಕುಲವನ್ನು ಶೋಧಿಸುತ್ತಿದ್ದ ಈ ವಿದುಷಿಗೆ ಮನುಷ್ಯರ ಕುಲವಿಚಾರವು ಅಡ್ಡ ಬಂದಿತು. ತೀಯ ಸಮಾಜದ ಅವಿವಾಹಿತ ಮಹಿಳೆಯಾದ ಅವರು ಜಾತಿಯ ಹಾಗೂ ಸ್ತ್ರೀತ್ವದ ಕಾರಣದಿಂದ ಅನಾದರವನ್ನು ಉಣ್ಣಬೇಕಾಯಿತೆಂದು ಇತಿಹಾಸಕಾರರು ಬರೆದಿದ್ದಾರೆ.

1940ರಲ್ಲಿ ಅವರು ಲಂಡನ್ನಿನಲ್ಲಿದ್ದ ಜಾನ್ ಇನ್ನೆಸ್ ಸಂಸ್ಥೆಯನ್ನು ಸೇರಿದರು. ಮಹಾಯುದ್ಧದ ಆ ವರ್ಷಗಳಲ್ಲಿ ಸಿ. ಡಿ. ಡಾರ್ಲಿಂಗ್ಟನ್ನರೊಡನೆ ಸಿದ್ಧಪಡಿಸಿದ, ಕೃಷಿಸಸ್ಯಗಳ ವರ್ಣತಂತುಗಳ ಬೃಹತ್ಕೋಶವು 1945ರಲ್ಲಿ ಪ್ರಕಟವಾಯಿತು. ಅನಂತರ ವಿಸ್ಲಿಯ ಉದ್ಯಾನದಲ್ಲಿ ಅವರು ನಡೆಸಿದ ಪ್ರಯೋಗಗಳ ನೆನಪಾಗಿ ಒಂದು ಮ್ಯಾಗ್ನೋಲಿಯ ಹೂವು ಅವರ ಹೆಸರನ್ನು ಹೊತ್ತಿದೆ. ನೆಹರೂ ಅವರ ಆಹ್ವಾನದ ಮೇರೆಗೆ 1951ರಲ್ಲಿ ಸ್ವದೇಶಕ್ಕೆ ಮರಳಿ, ಭಾರತೀಯ ಸಸ್ಯಸರ್ವೇಕ್ಷಣ ಸಂಸ್ಥೆಯ ಪುನರ್ಘಟನೆಗೆ ದುಡಿದರು. ಕೇರಳದ ಸೈಲೆಂಟ್ ವ್ಯಾಲಿಯ ಕಾಡು ವಿದ್ಯುತ್ ಯೋಜನೆಯಿಂದ ಮುಳುಗಲಿದ್ದಾಗ ಎಂಬತ್ತರ ಆಸುಪಾಸಿನ ಈ ಹಿರಿಯರು ಅದನ್ನು ವಿರೋಧಿಸಿದರು. 1984ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತ್ತು. 1999ರಲ್ಲಿ ಕೇಂದ್ರ ಸರಕಾರವು ಅವರ ಹೆಸರಿನಲ್ಲಿ ಸಸ್ಯವರ್ಗೀಕರಣದ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ಇವೆಲ್ಲವೂ ಸ್ತುತ್ಯವೇ. ಆದರೆ ಪ್ರಶಸ್ತಿಯು ಮಾಡಿ ಮುಗಿಸಿದ ಕಾರ್ಯವನ್ನು ಮೆಚ್ಚುತ್ತದೆ. ವಿದ್ಯಾರ್ಥಿವೇತನವು ಇನ್ನೂ ಆಗದ ಕಾರ್ಯವನ್ನು ನಂಬುತ್ತದೆ. ಬಾರ್ಬರರು ನಂಬಿ ಇಟ್ಟ ಹಣವು ತಲಚೇರಿಯ ಹುಡುಗಿಯನ್ನು ವಿಜ್ಞಾನಿಯನ್ನಾಗಿ ಮಾಡಿತು. ಈಗ ಆಕೆಯ ಹೆಸರೇ ಮತ್ತೊಬ್ಬರ ದಾರಿಯ ಬುತ್ತಿಯಾಗಿದೆ. ಪಡೆದ ಋಣವನ್ನು ತೀರಿಸುವ ರೀತಿ ಇದಕ್ಕಿಂತ ಬೇರೆ ಯಾವುದಿದ್ದೀತು?

ಸಭೆ-ಸನ್ಮಾನಗಳಿಗೆ ಶಾಲು-ಹಾರಗಳನ್ನು ಕೊಳ್ಳುವ ನಮ್ಮ ಸಂಘಗಳು ಇದನ್ನು ಯೋಚಿಸಬೇಕು. ಗಡಿಭಾಗದ ಒಬ್ಬ ಹುಡುಗಿಯ ಒಂದು ವರ್ಷದ ಶುಲ್ಕ, ಬಸ್ಸಿನ ವೆಚ್ಚ, ಪ್ರಯೋಗಶಾಲೆಯ ಪುಸ್ತಕ: ಇಷ್ಟನ್ನು ಹೊರುವ ಶಕ್ತಿ ನಮಗಿಲ್ಲದಿಲ್ಲ. ಆಕೆ ಯಾರಾಗುವಳೆಂಬುದನ್ನು ನಾವು ಈಗಲೇ ತಿಳಿಯಬೇಕಾದುದೂ ಇಲ್ಲ.