ಪೆನ್ನಿನ ಬಾಯಿ ಒಡೆದಾಗ

ಗದಗಿನಿಂದ ಅಕ್ಕನ ಕಾಗದ ಬಂದಿತ್ತು. ಕೊನೆಯಲ್ಲಿ ಒಂದು ಆಕ್ಷೇಪಣೆ: "ಈ ಸಲ ಬಾಲ್‌ಪೆನ್ನಿಲೆ ಯಾಕ ಬರದಿ? ಅಕ್ಷರ ಕಾಣಂಗಿಲ್ಲ."

ಅಕ್ಕನಿಗೆ ಎಂಬತ್ತು ದಾಟಿದೆ, ಕಿವಿ ಪೂರ್ತಿ ಮಂದ. ಫೋನಿನಲ್ಲಿ ನಾನು ಕೂಗಿದ್ದು ನಾಗಪುರದ ಮನೀಶ್ ನಗರದ ನಮ್ಮ ಓಣಿಗೆಲ್ಲ ಕೇಳಿಸುತ್ತದೆ, ಗದಗಿಗೆ ಮಾತ್ರ ಕೇಳಿಸುವುದಿಲ್ಲ. ಹೀಗಾಗಿ ನಮ್ಮಿಬ್ಬರ ನಡುವೆ ಇನ್ನೂ ಕಾಗದವೇ ನಡೆದಿದೆ. ದಪ್ಪ ನಿಬ್ಬು, ಕಪ್ಪು ಶಾಯಿ, ದೊಡ್ಡ ಅಕ್ಷರ ಇದ್ದರೆ ಅವಳು ತಾನೇ ಓದಿಕೊಳ್ಳುತ್ತಾಳೆ. ಇಲ್ಲವಾದರೆ ಮೊಮ್ಮಗನ ಬಿಡುವಿಗೆ ಕಾಯಬೇಕು. ತಮ್ಮನ ಕಾಗದವನ್ನು ಇನ್ನೊಬ್ಬರ ಬಾಯಿಂದ ಕೇಳುವುದು ಅವಳಿಗೆ ಸೇರುವುದಿಲ್ಲ.

ನಾನು ಬಾಲ್‌ಪೆನ್ನಿಗೆ ಇಳಿಯಲು ಕಾರಣವಿತ್ತು. ನಾನು ಬ್ಯಾಂಕಿನಿಂದ ನಿವೃತ್ತನಾದಾಗ ಮಗ ಕೈಯಿಂದ ಮಾಡಿದ ಒಂದು ರೆಸಿನ್ ಪೆನ್ನು ತರಿಸಿಕೊಟ್ಟಿದ್ದ. ಹಸಿರಿನೊಳಗೆ ಕಂದು ಬಣ್ಣ ಹೊಗೆಯಂತೆ ಸುತ್ತಿಕೊಂಡ ಪೆನ್ನು. ಒಂದು ದಿನ ಅದರ ಕ್ಯಾಪು ಕೈಜಾರಿ ಟೈಲ್ಸಿನ ಮೇಲೆ ಬಿತ್ತು. ಬಾಯಿಯ ಅಂಚಿನಲ್ಲಿ ಜೋಳದ ನುಚ್ಚಿನಷ್ಟು ಚಕ್ಕೆ ಹಾರಿಹೋಯಿತು. ಕ್ಯಾಪನ್ನು ತಿರುಗಿಸಿ ಬಿಗಿ ಮಾಡುವಾಗ ಅಲ್ಲಿಂದಲೇ ಬಿರುಕು ಹಬ್ಬಿ ಎರಡು ಹೋಳಾದೀತೆಂದು ಹೆದರಿ ಪೆನ್ನನ್ನು ಡಬ್ಬಿಯಲ್ಲಿಟ್ಟೆ.

ಸೀತಾಬರ್ಡಿಯ ಅಂಗಡಿಯೊಂದಕ್ಕೆ ಒಯ್ದರೆ, "ಕಾಕಾ, ನವೀನ್ ಘ್ಯಾ" ಎಂದರು. ಮನೆಯಲ್ಲೂ ಅದೇ ಮಾತು: "ಅಲ್ರೀ, ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತೀರಿ? ಹೊಸಾದು ತಗೋರಿ." ಹೊಸದು ತಗೊಳ್ಳಬಹುದಿತ್ತು. ಆದರೆ ಇಂಥ ಪೆನ್ನಿನ ವಿಷಯದಲ್ಲಿ ನನ್ನ ಮೇಲೆ ಒಂದು ಹಳೇ ಬಾಕಿ ಇದೆ.

ನಮ್ಮಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ಅವರ ಹತ್ತಿರ ಒಂದು ಕರೀ ಎಬೊನೈಟ್ ಪೆನ್ನಿತ್ತು. ಎಬೊನೈಟ್ ಅಂದರೆ ರಬ್ಬರಿಗೆ ಬಹಳಷ್ಟು ಗಂಧಕ ಸೇರಿಸಿ, ಹೊತ್ತು ಹಿಡಿಸಿ ಕಾಸಿ ಗಟ್ಟಿ ಮಾಡಿದ ವಸ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸುವ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ಪಡೆದ. 1851ರಲ್ಲಿ ಅವನ ತಮ್ಮ ನೆಲ್ಸನ್ ಈ ಗಟ್ಟಿ ರಬ್ಬರಿಗೆ ಪೇಟೆಂಟ್ ಪಡೆದ. ಶಾಯಿ ಇದನ್ನು ತಿನ್ನುವುದಿಲ್ಲ, ಲೇತಿನ ಮೇಲೆ ಸಲೀಸಾಗಿ ಕಡೆಯಬಹುದು. ಹಾಗಾಗಿ 1884ರಲ್ಲಿ ವಾಟರ್‌ಮನ್ ತನ್ನ ಫೌಂಟನ್ ಪೆನ್ನಿಗೆ ಪೇಟೆಂಟ್ ಪಡೆದ ಕಾಲದಿಂದ ಎಷ್ಟೋ ವರ್ಷ ಪೆನ್ನು ಎಂದರೆ ಎಬೊನೈಟೇ.

ಅಪ್ಪನ ಪೆನ್ನಿನ ಕ್ಯಾಪೂ ಬಾಯಲ್ಲೇ ಒಡೆದಿತ್ತು. ಊರಿನ ಪತ್ತಾರರು ಅರಗು ಕಾಸಿ ತುಂಬಿ, ಮೇಲೊಂದು ಸಣ್ಣ ಹಿತ್ತಾಳೆ ಬಳೆ ಕೂಡಿಸಿಕೊಟ್ಟಿದ್ದರು. 1983ರಲ್ಲಿ ನಾನು ಬ್ಯಾಂಕಿಗೆ ಸೇರಿದಾಗ ಅಪ್ಪ ಅದನ್ನು ನನ್ನ ಕಿಸೆಗೆ ಸಿಕ್ಕಿಸಿದರು. ಎಂ.ಕಾಂ. ಮಾಡಿದ ಹುಡುಗ, ಬಳೆ ತೊಟ್ಟ ಪೆನ್ನು ಹಿಡಿದು ಕೌಂಟರಿನಲ್ಲಿ ಕೂರಲು ನಾಚಿಕೆ. ಡ್ರಾಯರಿಗೆ ಹಾಕಿದೆ. 1991ರಲ್ಲಿ ನಾಗಪುರಕ್ಕೆ ವರ್ಗವಾದಾಗ ಅಲ್ಲೇ ಬಿಟ್ಟು ಬಂದೆ. ರಜೆಗೆ ಊರಿಗೆ ಹೋದಾಗ ಅಪ್ಪ ಕೇಳಿದರು, "ಪೆನ್ನು ನಡದದ ಏನು?" "ನಡದದ್ರಿ" ಅಂದೆ.

ಬ್ಯಾಂಕಿನಲ್ಲಿ ಸವಕಳಿ ಪೂರ್ತಿ ಕಳೆದ ಮೇಲೂ ಸಾಮಾನಿನ ಹೆಸರು ಪುಸ್ತಕದಲ್ಲಿ ಉಳಿಯಲಿ ಎಂದು ಒಂದು ರೂಪಾಯಿ ಬೆಲೆ ಇಡುತ್ತಿದ್ದೆವು. ಅಪ್ಪನ ಪೆನ್ನಿಗೆ ನಾನು ಅಷ್ಟೂ ಇಡಲಿಲ್ಲ.

ವಿಚಿತ್ರವೆಂದರೆ, ನಮ್ಮ ದೇಶದ ಕೈಪೆನ್ನುಗಳ ಕಥೆಗೂ ನಾನಿರುವ ಈ ಸೀಮೆಗೂ ನಂಟಿದೆ. ಮನೀಶ್ ನಗರಕ್ಕೂ ವರ್ಧಾ ರಸ್ತೆಗೂ ನಡುವೆ ರೈಲು ಹಳಿ ಹಾದಿದೆ. ಆ ಹಳಿ ಹಿಡಿದು ಹೋದರೆ ಸುಮಾರು 75 ಕಿಲೋಮೀಟರಿಗೆ ವರ್ಧಾ ಸಿಗುತ್ತದೆ. 1934ರ ಕೊನೆಗೆ ಗಾಂಧೀಜಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಕಟ್ಟಿದಾಗ ಅದರ ಕೇಂದ್ರವಾದದ್ದು ವರ್ಧಾದ ಮಗನವಾಡಿ. ಅದರ ಜವಾಬ್ದಾರಿ ಹೊತ್ತವರು ಜೆ.ಸಿ. ಕುಮಾರಪ್ಪ. ಇವರು ಲಂಡನ್ನಿನಲ್ಲಿ ಕಲಿತ ಲೆಕ್ಕಪರಿಶೋಧಕರು. ಮುಂಬಯಿಯ ಒಳ್ಳೆಯ ಗಳಿಕೆ ಬಿಟ್ಟು ಹಳ್ಳಿಯ ಎಣ್ಣೆಗಾಣ, ಕೈಕಾಗದಗಳ ಲೆಕ್ಕಕ್ಕೆ ಕುಳಿತವರು. ಕಾಮರ್ಸ್ ಓದಿದ ನನಗೆ ಅವರ ಮೇಲೆ ಒಂದು ತೂಕ ಹೆಚ್ಚು ಗೌರವ.

ಅತ್ತ ಗೋದಾವರಿ ತೀರದ ರಾಜಮಂಡ್ರಿಯಲ್ಲಿ ಕೆ.ವಿ. ರತ್ನಂ 1930ರ ದಶಕದ ಮೊದಲಲ್ಲೇ ಎಬೊನೈಟ್ ಕಡೆದು ಸ್ವದೇಶಿ ಪೆನ್ನು ಮಾಡತೊಡಗಿದ್ದರು. ಅವರ ಪೆನ್ನೊಂದು ಕುಮಾರಪ್ಪನವರ ಮೂಲಕ ಗಾಂಧೀಜಿಯ ಕೈ ಸೇರಿತು. 1935ರ ಜುಲೈನಲ್ಲಿ ಗಾಂಧೀಜಿ ವರ್ಧಾದಿಂದ ರತ್ನಂ ಅವರಿಗೆ ಬರೆದರು: ಪೆನ್ನು ಬಳಸಿ ನೋಡಿದ್ದೇನೆ, ಪೇಟೆಯಲ್ಲಿ ಸಿಗುವ ವಿದೇಶಿ ಪೆನ್ನುಗಳ ಬದಲಿಗೆ ಇದು ನಡೆಯುತ್ತದೆ ಎಂಬ ಅರ್ಥದಲ್ಲಿ. ಹೊಗಳಿಕೆಯ ಮಳೆ ಇಲ್ಲ. ಬಳಸಿ ನೋಡಿ ಕೊಟ್ಟ ಅಳೆದ ಮಾತು. ಒಳ್ಳೆ ಆಡಿಟ್ ವರದಿ ಇರುವುದೂ ಹೀಗೆಯೇ.

ಸ್ವಾತಂತ್ರ್ಯಾನಂತರ, ಅದರಲ್ಲೂ 1956-57ರ ವಿದೇಶಿ ವಿನಿಮಯದ ಬಿಕ್ಕಟ್ಟಿನ ಮೇಲೆ, ಆಮದು ಬಿಗಿಯಾಯಿತು. ದೇಶದೊಳಗಿನ ಪೆನ್ನುಗಾರರಿಗೆ ಕೈತುಂಬ ಕೆಲಸ. ಆಮೇಲೆ ಬಾಲ್‌ಪೆನ್ನು ಬಂತು, ಅದರ ಹಿಂದೆ ಬ್ಯಾಂಕಿಗೆ ಕಂಪ್ಯೂಟರೂ ಬಂತು. ಲೆಡ್ಜರುಗಳು ಅಟ್ಟ ಸೇರಿದವು. ಆದರೂ ರಾಜಮಂಡ್ರಿಯಲ್ಲಿ, ಚೆನ್ನೈಯಲ್ಲಿ, ತಿರುವಳ್ಳೂರಿನಲ್ಲಿ ಲೇತುಗಳು ನಿಲ್ಲಲಿಲ್ಲ. ಈಗ ಎಬೊನೈಟಿನ ಜೊತೆ ಅಕ್ರಿಲಿಕ್, ರೆಸಿನ್ ಕೂಡ ಕಡೆಯುತ್ತಾರೆ.

ರೆಸಿನ್ ಎಂದರೆ ರಾಳ. ಚನ್ನಪಟ್ಟಣದ ಆಟಿಗೆಗೆ ಹಚ್ಚುವ ಅರಗು ಹುಳುವಿನಿಂದ ಬಂದ ರಾಳ, ಪೆನ್ನಿನದು ಕಾರ್ಖಾನೆಯದು. ದ್ರವಕ್ಕೆ ಬಣ್ಣ, ಗಟ್ಟಿಯಾಗಿಸುವ ಔಷಧ ಬೆರೆಸಿ ಅಚ್ಚಿಗೆ ಸುರಿದು, ಆರಿದ ಮೇಲೆ ಕಡೆಯುತ್ತಾರೆ. ನೋಡಲು ಚೆಂದ. ಆದರೆ ಕೆಲವು ಜಾತಿಯ ರೆಸಿನ್ ಗಾಜಿನ ಸ್ವಭಾವದ್ದು. ಕ್ಯಾಪಿನ ಬಾಯಿಯಂಥ ತೆಳು ಜಾಗದಲ್ಲಿ ಪೆಟ್ಟು ಬಿದ್ದರೆ ಬಾಗುವುದಿಲ್ಲ, ಚಕ್ಕೆ ಹಾರುತ್ತದೆ.

ಮಗನ ಕೈಲಿ ಪೆನ್ನು ಮಾಡಿದವರನ್ನು ಕೇಳಿಸಿದೆ. ಪುಣ್ಯಾತ್ಮರು ಅದೇ ಬಣ್ಣದ ಕಡ್ಡಿ ಕಡೆದಾಗ ಉದುರಿದ ಪುಡಿ ಒಂದು ಚಿಟಿಕೆ, ಜೊತೆಗೆ ಒಂದು ತುಂಡು ಕಡ್ಡಿ ಅಂಚೆಯಲ್ಲಿ ಕಳಿಸಿದರು. ಕಲಿಕೆ ಮೊದಲು ಆ ತುಂಡಿನ ಮೇಲೆ. ತಕ್ಷಣ ಅಂಟುವ ಗೋಂದು ಹಾಕಿದರೆ ಅದರ ಆವಿ ತಾಕಿ ಸುತ್ತಲೂ ಬೂದಿಯಂಥ ಬಿಳುಪು. ಅದನ್ನು ಬಿಟ್ಟೆ. ಅಸಿಟೋನಿನಿಂದ ಒರೆಸಬೇಡಿ, ರೆಸಿನ್ ಮೆತ್ತಗಾಗುತ್ತದೆ ಎಂದು ಅವರೇ ಎಚ್ಚರಿಸಿದ್ದರು.

ಕ್ಯಾಪನ್ನು ಸೋಪಿನ ನೀರಲ್ಲಿ ತೊಳೆದು ಒಂದು ದಿನ ಆರಿಸಿದೆ. ಒಳಗಿನ ಥ್ರೆಡ್ಡಿಗೆ ಅಂಟು ಇಳಿಯದಂತೆ ಟೇಪು ಹಚ್ಚಿದೆ. ಎರಡು ಟ್ಯೂಬಿನ ಎಪಾಕ್ಸಿ ಸಮಸಮ ಕಲಸಿ (ಅದೂ ರೆಸಿನ್ನೇ), ಪುಡಿ ಸೇರಿಸಿ, ಗುಂಡುಸೂಜಿಯ ತುದಿಯಿಂದ ಚಕ್ಕೆ ಹೋದ ಕಡೆ ಇಟ್ಟೆ. ಒಂದೇ ಸಲ ತುಂಬಿದರೆ ಗುಳ್ಳೆ ನಿಲ್ಲುತ್ತದೆ; ಎರಡು ಸಲ, ನಡುವೆ ಒಂದು ದಿನ. ಅಂಚಿಗಿಂತ ಕೂದಲೆಳೆಯಷ್ಟು ಎತ್ತರ ಇರಲಿ, ಉಜ್ಜುವಾಗ ಸಮ ಆಗುತ್ತದೆ. ಮೂರನೇ ದಿನ 600, 1000, 2000 ನಂಬರಿನ ಎಮರಿ ಕಾಗದದಿಂದ ನೀರು ಹಾಕಿ ಹಾಕಿ ಉಜ್ಜಿದೆ. ಕೊನೆಗೆ ಹಳೇ ಧೋತರದ ತುಂಡಿಗೆ ಹಿತ್ತಾಳೆ ಪಾಲಿಶು. ಅಡುಗೆಮನೆಯಿಂದ, "ನಿಮ್ಮ ಪೂಜಾ ಮುಗೀತೇನ್ರಿ?" ಎಂದು ಕೇಳಿ ಬಂತು.

ಕ್ಯಾಪು ಈಗ ಬಿಗಿಯಾಗಿ ಕೂರುತ್ತದೆ. ಬಣ್ಣ ಪೂರ್ತಿ ಕೂಡಲಿಲ್ಲ. ಹೊಗೆಯ ಸುಳಿ ಅಲ್ಲಿಗೆ ಬಂದು ನಿಂತುಬಿಡುತ್ತದೆ, ಓರೆ ಬೆಳಕಿನಲ್ಲಿ ಗೊತ್ತಾಗುತ್ತದೆ. ಅಪ್ಪನ ಹಿತ್ತಾಳೆ ಬಳೆಯೂ ಹಾಗೇ ಎದ್ದು ಕಾಣುತ್ತಿತ್ತು. ಅಪ್ಪ ಅದನ್ನೇ ಕಿಸೆಗೆ ಸಿಕ್ಕಿಸಿಕೊಂಡು ಇನಾಮದಾರರ ಮುಂದೆಯೂ ಕೂರುತ್ತಿದ್ದರು. ನಾಚಿಕೆ ಪಟ್ಟವನು ನಾನು.

ಶಾಯಿ ತುಂಬಿ ಅಕ್ಕನಿಗೆ ಕಾಗದ ಬರೆದೆ. ದೊಡ್ಡ ಅಕ್ಷರದಲ್ಲಿ, ಇಷ್ಟು ವರ್ಷ ಯಾರಿಗೂ ಹೇಳದ ಮಾತನ್ನೂ ಬರೆದೆ. ಅಪ್ಪನ ಪೆನ್ನು ನಾನೇ ಬಿಟ್ಟು ಬಂದದ್ದು, ಕೇಳಿದಾಗ ಸುಳ್ಳು ಹೇಳಿದ್ದು.

ಹತ್ತು ದಿನಕ್ಕೆ ಉತ್ತರ ಬಂತು: "ಅಕ್ಷರ ಛಲೋ ಕಾಣ್ತಾವ, ನಾನs ಓದಿದೆ. ಪೆನ್ನು ಕಳದದ್ದು ಅಪ್ಪಗ ಅವಾಗಲೇ ಗೊತ್ತಿತ್ತು. ನೀ ಕಳಿಸೂ ಕಾಗದದಾಗಿನ ಅಕ್ಷರ ನೋಡಿ ತಿಳಕೊಂಡಿದ್ರು. ಹೇಳಬ್ಯಾಡ ಅಂದಿದ್ರು. ಇನ್ನ ಮ್ಯಾಲೆ ಬಾಲ್‌ಪೆನ್ನು ಮುಟ್ಟಬ್ಯಾಡ."